ಹುಲ್ಲು ಕೊಯ್ಯುವ ಮೆಷಿನ್ ಬಂದ ಮನೆ

ಆ ಮನೆಯಲ್ಲಿ ಏನನ್ನು ಕೊಂಡರೂ ಒಂದು ಅಳತೆ ದೊಡ್ಡದನ್ನೇ ಕೊಳ್ಳುವುದು ಪದ್ಧತಿ. ಚಪ್ಪಲಿಯಾದರೆ ಮುಂದೆ ಇನ್ನೊಂದು ಬೆರಳಿಗೆ ಜಾಗ ಇರಬೇಕು, ಪಾತ್ರೆಯಾದರೆ ದಿಢೀರನೆ ನೆಂಟರು ಬಂದರೂ ಸಾಲಬೇಕು, ಅಂಗಿಯಾದರೆ ಮೈಗಿಂತ ಮೊದಲು ತೋಳು ಮನೆಯೊಳಗೆ ಬರಬೇಕು. ತಾಯಿ ಕಲಿಸಿದ ಪಾಠ ಇದು. ಮಗ ಅದನ್ನು ವೇದವಾಕ್ಯ ಮಾಡಿಕೊಂಡಿದ್ದ. ತಂಗಿಗೆ ತಂದ ಗಾಲಿಕುರ್ಚಿ ಕೂಡ ಒಂದು ಅಳತೆ ದೊಡ್ಡದೇ. ಎರಡು ಪಕ್ಕಕ್ಕೂ ದಿಂಬು ತುರುಕಿಕೊಂಡು ಕೂರಬೇಕು.

ತಂಗಿಯನ್ನು ಮನೆಯವರು ಕರೆಯುವುದು ಜೀರಿಗೆ ಎಂದು. ಹುಟ್ಟಿದಾಗ ಅಷ್ಟೇ ಇದ್ದಳಂತೆ. ಹದಿನೇಳನೆಯ ವಯಸ್ಸಿನಲ್ಲಿ ಬೈಕಿನ ಹಿಂದಿನ ಸೀಟಿನಿಂದ ಬಿದ್ದು ಸೊಂಟದಿಂದ ಕೆಳಗೆ ಸ್ಪರ್ಶವೇ ಹೋಯಿತು, ಹೆಸರು ಮಾತ್ರ ಹೋಗಲಿಲ್ಲ. ಅದಾಗಿ ಒಂಬತ್ತು ವರ್ಷ. ಚಕ್ರ ತಳ್ಳಿ ತಳ್ಳಿ ಅವಳ ಹೆಗಲು ಗಟ್ಟಿಯಾಗಿದೆ. ಕಾಲಿನ ಬಲದಲ್ಲಿ ಅರ್ಧ ಹೆಗಲಿಗೆ ಬಂತು, ಇನ್ನರ್ಧ ನಾಲಿಗೆಗೆ ಹೋಯಿತು ಎಂದು ಅತ್ತಿಗೆ ರೇಗಿಸುತ್ತಾಳೆ. ಅತ್ತಿಗೆ ಮನೆಯಲ್ಲೇ ಬ್ಯಾಗು ಹೊಲಿಯುವವಳು, ಅಣ್ಣ ಹಾಲಿನ ವ್ಯಾನು ಓಡಿಸುವವನು. ತಾಯಿ ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ದುಡಿದು ನಿವೃತ್ತಳಾದವಳು. ಈಗ ಅವಳ ಕೆಲಸವೆಂದರೆ ಜೀರಿಗೆ, ಜೀರಿಗೆ ಮತ್ತು ಜೀರಿಗೆ.

ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಜೀರಿಗೆ ಸುದ್ದಿ ಹೇಳಿದಳು. ಪಶು ಆಸ್ಪತ್ರೆಯಲ್ಲಿ ಚೀಟಿ ಬರೆದುಕೊಡುವ ಮುದುಕ ಇನ್ನೆರಡು ತಿಂಗಳಿಗೆ ಕೆಲಸ ಬಿಡುತ್ತಾನಂತೆ. ಆ ಕಿಟಕಿಯ ಕೆಲಸ ಇವಳಿಗೆ ಸಿಕ್ಕಿದೆ. ಡಾಕ್ಟರು ಒಂದೇ ಪ್ರಶ್ನೆ ಕೇಳಿದರಂತೆ, ದಿನಾ ಯಾರು ಕರೆದುಕೊಂಡು ಬರುತ್ತಾರೆ ಎಂದು. ಯಾರೂ ಇಲ್ಲ, ನಾನೇ ಬರುತ್ತೇನೆ ಎಂದು ಇವಳು ಫೋನಿನಲ್ಲೇ ಮಾತು ಕೊಟ್ಟಿದ್ದಾಳೆ.

ತಾಯಿಯ ಕೈಯ ತುತ್ತು ಕೈಯಲ್ಲೇ ಉಳಿಯಿತು. ಹೋಗುವುದಾದರೂ ಹೇಗೆ? ಮನೆಯ ಮುಂದಿನ ರಸ್ತೆ ಗೋಡೆಯಷ್ಟು ಕಡಿದಾದ ಇಳಿಜಾರು. ಹೋದ ವರ್ಷ ಅಲ್ಲೇ ತಾಯಿಯ ಕೈ ಜಾರಿ, ಕುರ್ಚಿ ತಾನಾಗಿ ಉರುಳಿ, ಯಾರೋ ಮನೆ ಕಟ್ಟಲು ಸುರಿದಿದ್ದ ಮರಳು ಗುಡ್ಡೆಗೆ ಗುದ್ದಿ ನಿಂತಿತ್ತು. ಅಣ್ಣನ ವ್ಯಾನು ಬೆಳಕು ಹರಿಯುವ ಮೊದಲೇ ಹೊರಟರೆ ಮಧ್ಯಾಹ್ನಕ್ಕೆ ವಾಪಸು.

ಹಿತ್ತಿಲ ದಾರಿ ಇದೆಯಲ್ಲ ಎಂದಳು ಜೀರಿಗೆ. ಅದು ದಾರಿಯೆನ್ನುವುದೂ ಒಂದು ಧೈರ್ಯವೇ. ಮನೆಗಳ ಬೆನ್ನಿಗೆ ನೀರಿನ ಪೈಪು ಹೂತ ಉದ್ದನೆಯ ಪಟ್ಟಿ ಅದು, ನೆಲ ಹಲಗೆಯಷ್ಟು ಸಮ, ಸೀದಾ ಪಶು ಆಸ್ಪತ್ರೆಯ ಗೇಟಿಗೇ ಹೋಗಿ ಮುಟ್ಟುತ್ತದೆ. ಆದರೆ ಎದೆಮಟ್ಟ ಹುಲ್ಲು. ನೀರಿನವರನ್ನು ಕೇಳಿದರೆ ರಸ್ತೆಯವರದ್ದು ಎನ್ನುತ್ತಾರೆ, ರಸ್ತೆಯವರನ್ನು ಕೇಳಿದರೆ ನೀರಿನವರದ್ದು. ಊರಿಗೆಲ್ಲ ಸೇರಿದ್ದು ಯಾರಿಗೂ ಸೇರದ್ದು. ಒಂದು ಪೆಟ್ರೋಲ್ ಮೆಷಿನ್ ಇದ್ದರೆ ನಾವೇ ಕೊಯ್ದುಕೊಳ್ಳಬಹುದು ಎಂದಳು ಮಗಳು.

“ನಾನು ಸತ್ತಿದೀನಾ?” ಎಂದಳು ತಾಯಿ. “ನಾನು ತಳ್ಕೊಂಡು ಹೋಗ್ತೀನಿ.”

“ನಿನ್ನ ಮೊಣಕಾಲು ಮೆಟ್ಟಿಲು ಹತ್ತುವಾಗ ಬಾಗಿಲಿಗಿಂತ ಜೋರಾಗಿ ಕಿರುಗುಟ್ಟುತ್ತೆ ಅಮ್ಮ.”

ಅಣ್ಣ ನಡುವೆ ಬಾಯಿ ಹಾಕಿ, ಮೆಷಿನ್ ತಾನು ತರುತ್ತೇನೆ, ಭಾನುವಾರ ಭಾನುವಾರ ತಾನೇ ಕೊಯ್ಯುತ್ತೇನೆ, ಇಬ್ಬರೂ ಸುಮ್ಮನೆ ಉಣ್ಣಿ ಎಂದ.

ಅಂಗಡಿಗೆ ತಾಯಿ, ಮಗ, ಮಗಳು ಮೂವರೂ ವ್ಯಾನಿನಲ್ಲಿ ಹೋದರು. ಗೋಡೆಯುದ್ದಕ್ಕೂ ಮೆಷಿನ್‌ಗಳು ತೂಗುತ್ತಿದ್ದವು. ಬಾಗಿದ ಕೊಳವೆಯದು ಕುಳ್ಳರಿಗೆ, ನೇರ ಕೊಳವೆಯದು ಎತ್ತರದವರಿಗೆ, ಬೆನ್ನಿಗೆ ಹೊರುವುದು ತೋಟದವರಿಗೆ. ಸೈಕಲ್ಲಿನ ಹ್ಯಾಂಡಲಿನಂತೆ ಎರಡು ಕೈ ಚಾಚಿ ಹಿಡಿಯುವಂಥದ್ದು ಒಂದು, ಕೊಳವೆಗೇ ಬಳೆಯಂತೆ ಹಿಡಿಕೆ ಕೂಡಿಸಿದ್ದು ಇನ್ನೊಂದು. ಕೆಳಗೆ ಕತ್ತಿಯಿಲ್ಲ, ಗರಗಸವಿಲ್ಲ. ಒಂದು ಗುಂಡು ಡಬ್ಬಿ, ಅದರಿಂದ ಇಣುಕುವ ಎರಡು ನೈಲಾನ್ ದಾರ, ಅಷ್ಟೇ. ತಾಯಿ ದಾರದ ಸುರುಳಿಯೊಂದನ್ನು ಎತ್ತಿ ಬೆರಳಿಗೆ ಸುತ್ತಿ ನೋಡಿದಳು. ಬಟ್ಟೆ ಒಣಹಾಕುವ ದಾರದಂತೆ ಮೆತ್ತಗೆ ಬಳುಕಿತು. ಇದು ಹುಲ್ಲು ಕೊಯ್ಯುತ್ತದೆಂದರೆ ನಂಬಲು ನನಗೇನು ಕಿವಿ ಮೇಲೆ ಹೂವಿದೆಯೇ ಎಂದು ಅಂಗಡಿಯವನನ್ನು ಕೇಳಿದಳು.

ಅಂಗಡಿಯವ ಅವರನ್ನು ಹಿಂದಿನ ಅಂಗಳಕ್ಕೆ ಕರೆದೊಯ್ದು, ಮೆಷಿನ್‌ನ ಹಗ್ಗ ಎಳೆದ. ಅದು ಗುರ್ರೆಂದಿತು. ಕೈಯ ಗುಂಡಿ ಒತ್ತಿದ. ದಾರ ಮಾಯವಾಯಿತು. ಅದಿದ್ದ ಜಾಗದಲ್ಲಿ ಗಾಳಿಯೇ ಒಂದು ತಟ್ಟೆಯಾಗಿ ಹೊಳೆಯಿತು, ಆ ತಟ್ಟೆ ಮುಟ್ಟಿದ ಕಡೆಯೆಲ್ಲ ಸೊಂಟದೆತ್ತರದ ಕಳೆ ಸದ್ದಿಲ್ಲದೆ ಮಲಗಿತು. ನಿಲ್ಲಿಸಿದ ಕೂಡಲೇ ಮತ್ತೆ ಅದೇ ಬಳುಕುವ ದಾರ. ತಾಯಿ ಬಗ್ಗಿ ಅದನ್ನು ಮುಟ್ಟಿದಳು. ಅವಳಿಗೆ ಮೈ ಜುಮ್ಮೆಂದಿತು. ಇಂಥದ್ದನ್ನು ಅರವತ್ತು ವರ್ಷ ನೋಡದೆ ಬದುಕಿದೆನಲ್ಲ ಎನಿಸಿತು.

ಜೀರಿಗೆ ಬಳೆ ಹಿಡಿಕೆಯ ಹಗುರದ ಮೆಷಿನ್ ಸಾಕು ಎಂದಳು. ಅವಳ ಮಾತು ಯಾರಿಗೆ ಬೇಕು? ಅಣ್ಣ ಸೈಕಲ್ ಹ್ಯಾಂಡಲಿನ ದೊಡ್ಡದನ್ನೇ ಆರಿಸಿದ. ದಾರದಲ್ಲೂ ದುಂಡನೆಯದು, ಚೌಕದ್ದು, ನಕ್ಷತ್ರದ ಅಂಚಿನದು ಎಂದು ನಾನಾ ಬಗೆ, ನಾನಾ ದಪ್ಪ. ಈ ಡಬ್ಬಿಗೆ ಇಷ್ಟೇ ದಪ್ಪ ಹಿಡಿಯುವುದು, ಮೇಲೇ ಕೊರೆದಿದೆ ನೋಡಿ ಎಂದು ಅಂಗಡಿಯವ ತೋರಿಸಿದರೂ ಅಣ್ಣ ಅದಕ್ಕಿಂತ ಒಂದು ಅಳತೆ ದಪ್ಪದ್ದನ್ನೇ ಕಟ್ಟಿಸಿಕೊಂಡ. ದಪ್ಪವಿದ್ದರೆ ಬಾಳಿಕೆ ಎಂದ. ತಾಯಿಯೂ ಹೌದಪ್ಪ ಎಂದು ತಲೆಯಾಡಿಸಿದಳು.

ಭಾನುವಾರ ಅಣ್ಣ ಯುದ್ಧಕ್ಕೆ ಹೊರಟವನ ಹಾಗೆ ಹೊರಟ. ಮೆಷಿನ್ ಅರಚಿತೇ ಹೊರತು ಹುಲ್ಲು ಬೀಳಲಿಲ್ಲ. ಆ ದಪ್ಪ ದಾರವನ್ನು ತಿರುಗಿಸುವುದರಲ್ಲೇ ಎಂಜಿನ್ನಿಗೆ ಏದುಸಿರು ಬಂತು. ಹುಲ್ಲು ಡಬ್ಬಿಗೆ ಜಡೆ ಹೆಣೆದಂತೆ ಸುತ್ತಿಕೊಂಡಿತು. ಸ್ವಲ್ಪ ಹೊತ್ತಿಗೆ ಸುಟ್ಟ ವಾಸನೆ. ಡಬ್ಬಿ ಬಿಚ್ಚಿದರೆ ಒಳಗಿನ ದಾರ ಕಾವಿಗೆ ಕರಗಿ, ಸುತ್ತಿಗೆ ಸುತ್ತು ಅಂಟಿ ಮೇಣದ ಮುದ್ದೆಯಾಗಿತ್ತು. ಚಾಕು ಹಾಕಿ ಕೆರೆದು, ಮತ್ತೆ ಸುತ್ತಿ, ಮತ್ತೆ ಕರಗಿಸಿ, ಸಂಜೆಗೆ ಎರಡು ಮಂಚ ಹಾಕುವಷ್ಟು ಜಾಗ ಮಾಡಿ ಬಂದ. ರಾತ್ರಿ ಊಟದ ತಟ್ಟೆ ಹಿಡಿದರೆ ಕೈ ಗಡಗಡ ನಡುಗಿ ಬೇಳೆ ತೊಡೆಯ ಮೇಲೆ ಚೆಲ್ಲಿತು.

“ನಾಳೆ ಇದೇ ಕೈಯಲ್ಲಿ ಸ್ಟೀರಿಂಗ್ ಹಿಡಿತೀರಾ?” ಎಂದಳು ಅವನ ಹೆಂಡತಿ. “ಈ ಮನೇಲಿ ಅಳತೆಗೆ ಸರಿಯಾಗಿ ಬಂದಿರೋಳು ನಾನೊಬ್ಬಳೇ. ಅದೂ ನಮ್ಮಪ್ಪ ಬೇರೆ ಸೈಜು ತೋರಿಸಲಿಲ್ಲ ಅಂತ.”

ಜೀರಿಗೆ ನಕ್ಕು ನಕ್ಕು ಕೆಮ್ಮಿದಳು. ಅಣ್ಣನಿಗೆ ರೇಗಿತು, ಎಲ್ಲರೂ ಸೇರಿ ನನ್ನನ್ನು ಆಡಿಕೊಳ್ಳಿ ಎಂದು ತಟ್ಟೆ ತಳ್ಳಿದ. ತಾಯಿ ಮಗನ ಪರ ವಹಿಸಿದಳು. ಸೊಸೆ ಅದಕ್ಕೂ ಒಂದು ಮಾತು ಎಸೆದಳು. ಆಮೇಲೆ ಎದ್ದು ಹೋಗಿ ಗಂಡನ ಅಂಗೈಗೆ ಎಣ್ಣೆ ಹಚ್ಚಿ ತಿಕ್ಕುತ್ತಾ ಕೂತವಳೂ ಅವಳೇ. ಎರಡು ದಿನ ಬಿಟ್ಟು ಅವಳೇ ಮೆಷಿನ್ ತೊಳೆದು ಒರೆಸಿ, ಜೀರಿಗೆಯನ್ನು ಮುಂದಿಟ್ಟುಕೊಂಡು ಅಂಗಡಿಗೆ ಹೋಗಿ, ಅಂಗಡಿಯವನ ತಲೆ ತಿಂದು, ಬಳೆ ಹಿಡಿಕೆಯ ಸಣ್ಣದಕ್ಕೆ ಬದಲಿಸಿಕೊಂಡು ಬಂದಳು. ಜೊತೆಗೆ ಡಬ್ಬಿಗೆ ತಕ್ಕ ದಪ್ಪದ ಚೌಕ ದಾರ, ಮುಖ ಮುಚ್ಚುವ ಜಾಲರಿ. ಕೊಯ್ಯುವುದು ತಾನೇ ಎಂದು ಜೀರಿಗೆ ಆಗ ಘೋಷಿಸಿದಳು. ಕುರ್ಚಿಯಲ್ಲಿ ಕೂತು? ಹೌದು, ಕುರ್ಚಿಯಲ್ಲಿ ಕೂತು. ಅತ್ತಿಗೆ ತನ್ನ ಬ್ಯಾಗಿನ ಪಟ್ಟಿಗಳನ್ನೇ ಹೊಲಿದು, ಮೆಷಿನ್ನಿನ ಭಾರ ಹೆಗಲಿನಿಂದ ತೂಗುವ ಹಾಗೆ ಅಡ್ಡಪಟ್ಟಿ ಮಾಡಿಕೊಟ್ಟಳು.

ಆಮೇಲಿನ ದಿನಗಳಲ್ಲಿ ಊಟದ ಮೇಜು ಊಟಕ್ಕೆ ಸಿಗಲಿಲ್ಲ. ಅದರ ಮೇಲೆ ಜೀರಿಗೆಯ ಸಾಮಾನು. ಪೆಟ್ರೋಲಿಗೆ ಎಣ್ಣೆ ಬೆರೆಸಬೇಕು, ಕಡಿಮೆಯಾದರೆ ಎಂಜಿನ್ ಸುಡುತ್ತದೆ, ಹೆಚ್ಚಾದರೆ ಹೊಗೆ ಕಾರುತ್ತದೆ. ಅವಳು ಅದನ್ನು ತಾಯಿಯ ಕೆಮ್ಮಿನ ಔಷಧದ ಮುಚ್ಚಳದಲ್ಲಿ ಅಳೆದು ಹಾಕಿ ಕುಲುಕುತ್ತಿದ್ದಳು. ಗಾಳಿ ಸೋಸುವ ಸ್ಪಂಜನ್ನು ಸಾಬೂನಿನಲ್ಲಿ ಹಿಂಡಿ ಒಣಗಿಸುವಳು, ಕಿಡಿ ಹೊತ್ತಿಸುವ ಪ್ಲಗ್ಗನ್ನು ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕುವಳು, ಡಬ್ಬಿಯ ಮೇಲಿನ ಬಾಣ ನೋಡಿ ಅದು ತೋರಿಸಿದ ದಿಕ್ಕಿಗೇ ದಾರ ಸುತ್ತುವಳು. ನೈಲಾನ್ ಒಣಗಿದರೆ ಗರಿಗರಿಯಾಗಿ ಮುರಿಯುತ್ತದೆ, ಕೊಯ್ಯುವ ಮುನ್ನ ನೀರಲ್ಲಿ ನೆನೆಹಾಕಬೇಕು ಎಂದಾಗ ತಾಯಿ ಮೊದಲು ತಮಾಷೆಯೆಂದುಕೊಂಡಳು. ಬಕೆಟ್ಟಿನಲ್ಲಿ ನೆನೆದ ದಾರವನ್ನು ಮಾರನೆಯ ದಿನ ಬಗ್ಗಿಸಿ ನೋಡಿದರೆ, ಹೌದು, ಮೆತ್ತಗಾಗಿತ್ತು. ಜೀವಮಾನವೆಲ್ಲ ಬಟ್ಟೆ ನೆನೆಹಾಕಿದವಳಿಗೆ ಈ ಒಂದು ಮಾತು ತುಂಬ ಹಿಡಿಸಿತು. ಅಂದಿನಿಂದ ದಾರ ನೆನೆಹಾಕುವ ಕೆಲಸ ಅವಳದೇ ಆಯಿತು.

ಜೀರಿಗೆ ಮೊದಲ ಸಲ ಹಿತ್ತಿಲ ಬಾಗಿಲಿನಿಂದ ಹೊರಗೆ ಹೋದ ಬೆಳಗ್ಗೆ ತಾಯಿ ಸೆರಗು ಬಾಯಿಗೊತ್ತಿಕೊಂಡು ಹೊಸ್ತಿಲಲ್ಲೇ ನಿಂತಳು. ಮಗಳು ಹಗ್ಗ ಎಳೆದಳು, ಚಕ್ರಕ್ಕೆ ಬ್ರೇಕು ಹಾಕಿಕೊಂಡಳು, ಕೊಳವೆಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಸಾವಕಾಶವಾಗಿ ಬೀಸಿದಳು. ಎದೆಮಟ್ಟದ ಹುಲ್ಲನ್ನು ಬುಡಕ್ಕೇ ಹೊಡೆಯಲಿಲ್ಲ, ಮೊದಲು ತುದಿ, ಆಮೇಲೆ ನಡು, ಆಮೇಲೆ ಬುಡ. ಕುರ್ಚಿಯಗಲ ಜಾಗ ಬರಿದಾಯಿತು. ಎಂಜಿನ್ ಸದ್ದು ತಗ್ಗಿಸಿ, ಮೆಷಿನ್ ತೊಡೆಗೆ ಎಳೆದುಕೊಂಡು, ಬ್ರೇಕು ಬಿಟ್ಟು, ಚಕ್ರ ಎರಡು ಸುತ್ತು ಮುಂದಕ್ಕೆ. ಮತ್ತೆ ಬ್ರೇಕು, ಮತ್ತೆ ಬೀಸು. ತನ್ನ ದಾರಿಯನ್ನು ತಾನೇ ಮುಂದಕ್ಕೆ ಹಾಸಿಕೊಳ್ಳುತ್ತಾ ಆ ಹುಡುಗಿ ಹುಲ್ಲಿನೊಳಗೆ ಹೋದಳು. ತಾನು ಹೆತ್ತದ್ದು ಇವಳನ್ನೇನಾ ಎಂದು ತಾಯಿ ಬಿಟ್ಟ ಕಣ್ಣು ಬಿಟ್ಟಂತೆ ನೋಡಿದಳು. ಒಲೆಯ ಮೇಲಿನ ಹಾಲು ಉಕ್ಕಿ ಹೋದದ್ದು ಅವಳಿಗೆ ತಿಳಿಯಲಿಲ್ಲ.

ಹೀಗೆ ಒಂದು ವಾರ ನಡೆಯಿತು. ಆಮೇಲೆ ಆ ಕಲ್ಲು.

ಜೀರಿಗೆ ಕೆಲಸ ಮುಗಿಸಿ ಒಳಗೆ ಬಂದು ನೀರು ಕೇಳಿದಳು. ತಾಯಿ ಲೋಟ ಕೊಡುವಾಗ ಕೆಳಗೆ ನೋಡಿದಳು. ಮಗಳ ಎಡ ಕಾಲುಚೀಲ ಕೆಂಪಗೆ ತೊಯ್ದಿತ್ತು. ದಾರಕ್ಕೆ ಸಿಕ್ಕ ಕಲ್ಲೊಂದು ಸಿಡಿದು ಮೊಣಕಾಲ ಕೆಳಗೆ ಸೀಳಿತ್ತು. ಯಾವಾಗಲೋ ಏನೋ, ಸ್ಪರ್ಶವಿಲ್ಲದ ಕಾಲು, ಜೀರಿಗೆಗೆ ಗೊತ್ತೇ ಆಗಿರಲಿಲ್ಲ. ಆಸ್ಪತ್ರೆಯ ಹಾಸಿಗೆ ಬಟ್ಟೆಗಳಲ್ಲಿ ಯಾರಾರದೋ ರಕ್ತವನ್ನು ವರ್ಷಗಟ್ಟಲೆ ಒಗೆದ ಕೈ ತಾಯಿಯದು. ಆ ಒಂದು ಕಾಲುಚೀಲ ಬಿಚ್ಚಲು ಅವಳಿಂದಾಗಲಿಲ್ಲ. ಸೊಸೆಯೇ ಬಿಚ್ಚಿ, ತೊಳೆದು, ಕಟ್ಟು ಕಟ್ಟಿದಳು.

ತಾಯಿ ಎದ್ದು ಹೋಗಿ ಮೆಷಿನ್ನನ್ನು ಹಾಗೇ ಎಳೆದು ತಂದು ಉಗ್ರಾಣದಲ್ಲಿಟ್ಟು ಬೀಗ ಹಾಕಿದಳು. ಕೀಲಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಈ ವಿಷಯ ಇನ್ನು ಈ ಮನೆಯಲ್ಲಿ ಯಾರಾದರೂ ಎತ್ತಿದರೆ ತಾನು ಊಟ ಬಿಡುವುದಾಗಿ ಹೇಳಿದಳು. ಹೇಳಿದಂತೆ ಒಂದು ಹೊತ್ತು ಬಿಟ್ಟೂ ಬಿಟ್ಟಳು.

ವಾರದ ಮೇಲೆ ವಾರ ಹೋಯಿತು. ಮಳೆ ಹಿಡಿಯಿತು. ಹಿತ್ತಿಲ ಕಿಟಕಿಯಿಂದ ನೋಡಿದರೆ, ಜೀರಿಗೆ ಹಾಸಿಕೊಂಡ ದಾರಿ ಅಂಚಿನಿಂದ ಒಳಕ್ಕೆ ತಾನೇ ಮುಚ್ಚಿಕೊಳ್ಳುತ್ತಿತ್ತು. ಹುಲ್ಲು ಗೇಣುದ್ದವಾಯಿತು, ಮೊಳವಾಯಿತು. ಅದರ ಹಟ ಕಂಡು ತಾಯಿಗೆ ಭಯವೇ ಆಯಿತು. ಜೀರಿಗೆ ಜಗಳವಾಡಲಿಲ್ಲ, ಅದೇ ದೊಡ್ಡ ಶಿಕ್ಷೆ. ಕೊಟ್ಟದ್ದು ತಿಂದಳು, ತಳ್ಳಿದ ಕಡೆ ಹೋದಳು. ಮನೆಯಲ್ಲಿ ಅತ್ತಿಗೆಯ ಹೊಲಿಗೆ ಮೆಷಿನ್ ಒಂದೇ ಮಾತಾಡುತ್ತಿತ್ತು. ಕೆಲಸಕ್ಕೆ ಸೇರುವ ಸೋಮವಾರ ಹತ್ತಿರ ಬಂತು. ಮುದುಕನ ಜಾಗಕ್ಕೆ ಇನ್ನೊಬ್ಬರೂ ಕೇಳುತ್ತಿದ್ದಾರಂತೆ, ಬರುವುದಿಲ್ಲವಾದರೆ ಮೊದಲೇ ತಿಳಿಸಬೇಕಂತೆ ಎಂದು ಅಣ್ಣ ಸುದ್ದಿ ತಂದ.

ಅಂದು ಸಂಜೆ ತಾಯಿ ಸೊಪ್ಪು ಬಿಡಿಸುತ್ತಾ ಕೂತಿದ್ದಳು. ಜೀರಿಗೆ ಎದುರಿಗೆ ಬಂದು ಕುರ್ಚಿ ನಿಲ್ಲಿಸಿದಳು.

“ಅವತ್ತು ಇಳಿಜಾರಲ್ಲಿ ನಿನ್ನ ಕೈ ಜಾರ್ತಲ್ಲ ಅಮ್ಮ. ಬ್ರೇಕು ನನ್ನ ಕೈಯಲ್ಲೇ ಇತ್ತು. ಎರಡೂ ಕಡೆ.”

“ಮತ್ತೆ ಯಾಕೆ ಹಾಕ್ಲಿಲ್ಲ?”

“ಹಾಕ್ಬೇಕು ಅಂತ ನೆನಪೇ ಆಗ್ಲಿಲ್ಲ. ಅಮ್ಮ ಹಿಡ್ಕೋತಾಳೆ ಅಂತ ಕೂತಿದ್ದೆ. ಮರಳಿಗೆ ಗುದ್ದೋವರೆಗೂ ಹಾಗೇ ಕೂತಿದ್ದೆ.” ಅವಳ ದನಿ ಎತ್ತರವಾಗಲಿಲ್ಲ. “ಅವತ್ತಿಂದ ನಂಗೆ ಭಯ ಇಳಿಜಾರು ಕಂಡ್ರೆ ಅಲ್ಲ, ನನ್ನ ಕಂಡ್ರೆ. ಕಾಲು ಹೋಗಿದ್ದು ಹೋಯ್ತು. ಕೈಯನ್ನೂ ನಿನಗೇ ಕೊಟ್ಟುಬಿಟ್ರೆ ನಂಗೆ ಉಳಿಯೋದೇನು?”

ತಾಯಿ ಸೊಪ್ಪು ಬಿಡಿಸುತ್ತಲೇ ಇದ್ದಳು. ಒಳ್ಳೆ ಎಲೆ ಕಸಕ್ಕೆ, ಹುಳುಕು ಎಲೆ ಪಾತ್ರೆಗೆ ಬೀಳುತ್ತಿತ್ತು. ಒಂದು ವರ್ಷದಿಂದ ಆ ಜಾರಿದ ಕೈಯನ್ನು ಅವಳು ಶಪಿಸಿಕೊಂಡಿದ್ದಳು. ಹಿಡಿದ ಕೈಯ ಬಗ್ಗೆ ಒಂದು ದಿನವೂ ಯೋಚಿಸಿರಲಿಲ್ಲ. ಕೊನೆಗೆ ಸೊಂಟದಿಂದ ಕೀಲಿ ತೆಗೆದು ಮಗಳ ಮಡಿಲಿಗೆ ಹಾಕಿ, ಒಳಗೆ ಹೋಗಿ ಮುಖ ತೊಳೆದುಕೊಂಡಳು.

ಬೀಗ ತೆಗೆದರೆ ಮೆಷಿನ್ ಹೊತ್ತಲೊಲ್ಲದು. ತಾಯಿ ಸಿಟ್ಟಿನಲ್ಲಿ ಪೆಟ್ರೋಲ್ ತುಂಬಿದ ಟ್ಯಾಂಕಿನ ಸಮೇತ ಬೀಗ ಹಾಕಿದ್ದಳಲ್ಲ, ಅದು ಹಳಸಿ ಒಳಗೆಲ್ಲ ಅಂಟುಗಟ್ಟಿತ್ತು. ಅಣ್ಣ ಹಗ್ಗ ಎಳೆದೂ ಎಳೆದೂ ಕೈಬಿಟ್ಟ. ಅಂಗಡಿಗೆ ಕೊಟ್ಟರೆ ವಾರ ಹಿಡಿಯುತ್ತದೆ. ಜೀರಿಗೆ ಮೇಜಿನ ಮೇಲೆ ಹಳೇ ದಿನಪತ್ರಿಕೆ ಹಾಸಿ, ಪೆಟ್ರೋಲಿಗೆ ಗಾಳಿ ಬೆರೆಸುವ ಬೆರಳುದ್ದದ ಭಾಗವನ್ನು ಬಿಚ್ಚಿದಳು. ತಾಯಿ ಪಕ್ಕದಲ್ಲಿ ಕೂತು ಒಂದೊಂದೇ ತಿರುಪನ್ನು ಬಟ್ಟಲಿಗೆ ಹಾಕಿಕೊಂಡಳು. ಕೂದಲೆಳೆ ತೂರುವಂಥ ತೂತು. ಅದರೊಳಗಿನ ಕಂದು ಅಂಟನ್ನು ಮಗಳು ತೊಳೆದು, ಊದಿ, ಬೆಳಕಿಗೆ ಹಿಡಿದು ತೋರಿಸಿದಳು. ತಾಯಿ ಒಂದು ಕಣ್ಣು ಮುಚ್ಚಿ ನೋಡಿದಳು. ಅಷ್ಟು ಚಿಕ್ಕ ತೂತಿನಾಚೆ ಇಡೀ ಕಿಟಕಿ, ಕಿಟಕಿಯಾಚೆ ಹುಲ್ಲು ಕಾಣಿಸಿತು. ಇಷ್ಟರಿಂದ ಉಸಿರಾಡುತ್ತದೆಯೇ ಈ ಭೂತ ಎಂದು ಬೆರಗಾದಳು. ಜೋಡಿಸಿ, ಹೊಸ ಪೆಟ್ರೋಲ್ ಹಾಕಿ, ಮೂರನೆಯ ಎಳೆತಕ್ಕೆ ಅದು ಗುರ್ರೆಂದಾಗ ಸೊಸೆ ಅಡುಗೆ ಮನೆಯಿಂದ ಚಪ್ಪಾಳೆ ತಟ್ಟಿದಳು.

ಕಾಲಿನ ಮಾತು ಬಾಕಿಯಿತ್ತು. ಕಾಲು ಕಾಯದೆ ಕುರ್ಚಿ ಹೊರಗೆ ಹೋಗಕೂಡದು ಎಂದು ತಾಯಿ ಪಟ್ಟು ಹಿಡಿದಳು. ಈ ಸಲ ಜೀರಿಗೆಯೂ ಹೂಂ ಎಂದಳು. ಅಣ್ಣ ವ್ಯಾನಿನ ಹಿಂದಿನ ಚಕ್ರಕ್ಕಿದ್ದ, ಕೆಸರು ತಡೆಯುವ ಹಳೇ ರಬ್ಬರ್ ಪರದೆ ಕಿತ್ತು ತಂದ. ಸೊಸೆ ಅದಕ್ಕೆ ದಪ್ಪ ಬಟ್ಟೆ ಕೊಟ್ಟು ಹೊಲಿದು, ಮಂಡಿಯಿಂದ ಪಾದದವರೆಗೆ ಮುಚ್ಚುವ ಹೊದಿಕೆ ಮಾಡಿದಳು. ತಾಯಿ ಅದನ್ನು ಮುಷ್ಟಿಯಿಂದ ಗುದ್ದಿ ಗುದ್ದಿ ಪರೀಕ್ಷಿಸಿದಳು. ಅದು ಮಾತ್ರ ಅಳತೆಗೆ ಸರಿಯಾಗಿ ಕೂತಿತ್ತು.

ಸೋಮವಾರಕ್ಕೆ ಮುನ್ನಿನ ಶನಿವಾರ ಜೀರಿಗೆ, ಮತ್ತೆ ಬೆಳೆದದ್ದನ್ನೆಲ್ಲ ಕೊಯ್ದು ಮುಗಿಸಿ, ಕೊನೆಯ ತುಂಡಿಗೆ ಇಳಿದಳು. ತಾಯಿ ಹಿಂದೆ ಹಿಂದೆ, ಕಲ್ಲು ಸಿಡಿಯದಷ್ಟು ದೂರದಲ್ಲಿ, ಬಿದ್ದ ಹುಲ್ಲನ್ನು ಬದಿಗೆ ಸರಿಸುತ್ತಾ ನಡೆದಳು. ದಾರ ಸವೆದಾಗ ಜೀರಿಗೆ ಡಬ್ಬಿಯನ್ನು ನೆಲಕ್ಕೊಮ್ಮೆ ಕುಟ್ಟುವಳು, ಹೊಸ ದಾರ ತಾನಾಗಿ ಇಣುಕುವುದು. ಎರಡೂ ಕಡೆ ಹಸಿರು ಗೋಡೆ, ನಡುವೆ ಹಸಿ ವಾಸನೆ. ಬೀಸು, ಬ್ರೇಕು, ಚಕ್ರ. ಒಂದು ಬೀಸಿಗೆ ಎದುರಿನ ಹುಲ್ಲು ಬಿದ್ದದ್ದೇ ತಡ, ಒಮ್ಮೆಲೇ ಬಿಸಿಲು ಒಳಗೆ ನುಗ್ಗಿತು. ಅಲ್ಲಿ ಟಾರು ರಸ್ತೆ, ಅದರಾಚೆ ಪಶು ಆಸ್ಪತ್ರೆಯ ಗೇಟು, ಗೇಟಿನ ಮುಂದೊಂದು ಎಮ್ಮೆ ನಿಂತು ಇವರನ್ನೇ ನೋಡುತ್ತಿತ್ತು. ಜೀರಿಗೆ ಎಂಜಿನ್ ಆರಿಸಿದಳು. ತಾಯಿ ತಿರುಗಿ ನೋಡಿದಳು. ಮನೆಯ ಹಿತ್ತಿಲ ಬಾಗಿಲು ಎಲ್ಲೋ ದೂರದಲ್ಲಿ ಚಿಕ್ಕದಾಗಿ ಕಾಣುತ್ತಿತ್ತು, ಅಲ್ಲಿಂದ ಇಲ್ಲಿಯವರೆಗೆ ಒಂದೇ ಗೆರೆ. ಅವಳ ಮೈ ಮತ್ತೆ ಜುಮ್ಮೆಂದಿತು. ಮಗಳ ಮುಖದ ಜಾಲರಿ ಎತ್ತಿ, ಕೆನ್ನೆಗೆ ಅಂಟಿದ ಹುಲ್ಲಿನ ಚೂರು ತೆಗೆದಳು.

ಸೋಮವಾರ ಜೀರಿಗೆ ಒಬ್ಬಳೇ ಹೋದಳು. ಹಿಂದೆ ಬರಕೂಡದು ಎಂದು ಹೇಳಿಯೇ ಹೋದಳು. ತಾಯಿ ಮನೆಯಲ್ಲಿ ಒಗೆದ ಬಟ್ಟೆಯನ್ನೇ ಮತ್ತೆ ಒಗೆದಳು. ಮಂಗಳವಾರವೂ ಅದೇ ಕಥೆ. ವಾರದ ಕೊನೆಗೆ ಸೊಸೆಯೇ ರೇಗಿ, ಅತ್ತೆ, ಆ ಬಟ್ಟೆಗಳಲ್ಲಿ ಇನ್ನು ಜೀವ ಉಳಿದಿಲ್ಲ, ಹೋಗಿ ನೋಡಿಕೊಂಡಾದರೂ ಬನ್ನಿ ಎಂದಳು.

ತಾಯಿ ಹಿತ್ತಿಲ ದಾರಿ ಹಿಡಿದಳು. ದಾರಿಯಲ್ಲಿ ಜನ ಓಡಾಡುತ್ತಿದ್ದರು. ಮಗುವಿನ ಗಾಡಿ ತಳ್ಳುವವಳೊಬ್ಬಳು, ಕೋಲೂರಿದ ಮುದುಕನೊಬ್ಬ, ಅಂಚೆಯವನು. ಮೊದಲಿನಿಂದಲೂ ಇದ್ದ ದಾರಿಯೆಂಬಂತೆ ನಡೆಯುತ್ತಿದ್ದರು. ಪಶು ಆಸ್ಪತ್ರೆಯ ವರಾಂಡದಲ್ಲಿ ಚೀಟಿಯ ಸಾಲು. ಮುಂದೆ ಮೇಕೆ ಹಿಡಿದವನು, ಹಿಂದೆ ಕೋಳಿ ಬುಟ್ಟಿಯ ಹೆಂಗಸು, ನಡುವೆ ತಾಯಿ. ಬರಿಗೈಲಿ ಬಂದವಳು ಅವಳೊಬ್ಬಳೇ.

ಕಿಟಕಿಯ ಆಚೆ ಜೀರಿಗೆ ತಲೆ ಬಗ್ಗಿಸಿ ಬರೆಯುತ್ತಿದ್ದಳು. ಮೇಕೆಯವನಿಗೆ ಯಾವ ಕೋಣೆ, ಯಾವ ಡಾಕ್ಟರು, ಮೇಕೆಗೆ ಅಲ್ಲಿಯವರೆಗೆ ಏನೂ ತಿನ್ನಿಸಬಾರದು ಎಂದೆಲ್ಲ ಹೇಳಿ ಕಳಿಸಿದಳು. ಅವನು ಆಗಲಿ ಮೇಡಂ ಎಂದು ಕೈಮುಗಿದು ಹೋದ.

“ಮುಂದಿನವರು ಬನ್ನಿ,” ಎಂದಳು ತಲೆ ಎತ್ತದೆ. “ಪ್ರಾಣಿ ಯಾವುದು?”

ತಾಯಿ ಕಿಟಕಿಯ ಕಂಬಿ ಹಿಡಿದುಕೊಂಡಳು.

“ಪ್ರಾಣಿ ಯಾವುದಮ್ಮ? ಬೇಗ ಹೇಳಿ.”

“ಪ್ರಾಣಿ ಏನೂ ಇಲ್ಲ,” ಎಂದಳು ತಾಯಿ. “ನಿನ್ನ ನೋಡೋಕೆ ಬಂದೆ.”

ಪೆನ್ನು ನಿಂತಿತು. ಜೀರಿಗೆ ತಲೆ ಎತ್ತಿದಳು. ಅವಳ ಕಣ್ಣು ತುಂಬಿ ಬಂತು. ಆದರೆ ತಾಯಿಯ ಹೆಗಲಾಚೆ ಸಾಲು ವರಾಂಡದ ಮೆಟ್ಟಿಲಿನವರೆಗೂ ಬೆಳೆದಿತ್ತು.

“ನೋಡಿದ್ದಾಯ್ತಲ್ಲ,” ಎಂದಳು. “ಪಕ್ಕಕ್ಕೆ ಸರಿ ಅಮ್ಮ. ಹಿಂದಿನೋರು ಕಾಯ್ತಾ ಇದಾರೆ.”

ಒಂಬತ್ತು ವರ್ಷಗಳಲ್ಲಿ ಮಗಳು ಅವಳನ್ನು ಪಕ್ಕಕ್ಕೆ ಸರಿ ಎಂದದ್ದು ಅದೇ ಮೊದಲು. ತಾಯಿ ಸರಿದು ಗೋಡೆಗೆ ಒರಗಿ ನಿಂತಳು. ಕೋಳಿ ಬುಟ್ಟಿಯ ಹೆಂಗಸು ಕಿಟಕಿಗೆ ಬಂದಳು, ಜೀರಿಗೆ ಹೊಸ ಚೀಟಿ ತೆಗೆದುಕೊಂಡಳು.